ಕಿಂಡಿ ಎಷ್ಟು ದೊಡ್ಡದು?

ಸೆನ್ಸರ್ ದೊಡ್ಡದಾದಷ್ಟೂ ಫೋಟೊ ಚೆನ್ನ. ಮದುವೆ ಮಂಟಪದ ಮುಂದೆ ಮಂಡಿಯೂರಿ ಕ್ಲಿಕ್ಕಿಸುವ ಹುಡುಗನಿಗೂ ಗೊತ್ತಿರುವ ಮಾತು ಇದು, ಮೊಬೈಲ್ ಅಂಗಡಿಯ ಗಲ್ಲಾದ ಹಿಂದೆ ಕೂತವನಿಗೂ ಗೊತ್ತು. ಮೊಬೈಲಿಗಿಂತ ಕ್ಯಾಮೆರಾ ವಾಸಿ, ಸಣ್ಣ ಕ್ಯಾಮೆರಾಕ್ಕಿಂತ ಫುಲ್ ಫ್ರೇಮ್ ವಾಸಿ, ಅದಕ್ಕಿಂತ ಮೀಡಿಯಂ ಫಾರ್ಮ್ಯಾಟ್ ವಾಸಿ. ಮೆಟ್ಟಿಲು ಹತ್ತಿದ ಹಾಗೆ ಬೆಲೆಯೂ ಹತ್ತುತ್ತದೆ, ಹಾಗಾಗಿ ನಂಬುವುದೂ ಸುಲಭ.

ಆದರೆ ಪಕ್ಕಪಕ್ಕ ಇಟ್ಟು ನೋಡಲು ಹೊರಟರೆ ಗೊಂದಲ ಶುರುವಾಗುತ್ತದೆ. 2019ರಲ್ಲಿ ಎರಡು ಕ್ಯಾಮೆರಾಗಳು ಬಂದವು. ಸೋನಿ ಎ7ಆರ್ 4, ಫುಲ್ ಫ್ರೇಮ್, 61 ಮೆಗಾಪಿಕ್ಸೆಲ್, ಅಮೆರಿಕದಲ್ಲಿ 3,500 ಡಾಲರ್. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100, ಮೀಡಿಯಂ ಫಾರ್ಮ್ಯಾಟ್, 102 ಮೆಗಾಪಿಕ್ಸೆಲ್, 10,000 ಡಾಲರ್. ಇಂಥ ಜೋಡಿಗಳ ಫೋಟೊಗಳನ್ನು ಮೂವರು ಮೂರು ರೀತಿ ಹೋಲಿಸಿದರು ಎಂದುಕೊಳ್ಳಿ. ಮೊದಲನೆಯವರು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ, ‘ಏನೂ ವ್ಯತ್ಯಾಸ ಇಲ್ಲ’ ಎನ್ನುತ್ತಾರೆ. ಎರಡನೆಯವರು ಎರಡನ್ನೂ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ‘ಮೀಡಿಯಂ ಫಾರ್ಮ್ಯಾಟಿನ ನೆರಳುಗಳು ನೋಡಿ, ಎಷ್ಟು ನಯ!’ ಎನ್ನುತ್ತಾರೆ. ಮೂರನೆಯವರು ಮುಸ್ಸಂಜೆಯಲ್ಲಿ ಆಯಾ ಕ್ಯಾಮೆರಾದ ಲೆನ್ಸ್ ಹಾಕಿ ಮುಖಚಿತ್ರ ತೆಗೆದವರು. ಅವರ ಪ್ರಕಾರ ಗೆದ್ದದ್ದು ಸಣ್ಣದು.

ಮೂವರೂ ಹೇಳುತ್ತಿರುವುದು ನಿಜ. ಅದು ಹೇಗೆ ಸಾಧ್ಯ ಎಂಬುದೇ ಈ ಅಧ್ಯಾಯ.

ಅಳತೆಗಳ ಹಿಂದಿನ ಕತೆ

ಫುಲ್ ಫ್ರೇಮ್ ಎಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸೆನ್ಸರ್. ಈ ಅಳತೆ ಬಂದದ್ದು ಸಿನಿಮಾ ರೀಲಿನಿಂದ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ 35 ಮಿ.ಮೀ. ಸಿನಿಮಾ ಫಿಲ್ಮನ್ನು ಅಡ್ಡಡ್ಡ ಹಾಯಿಸಿ, ಎರಡು ಸಿನಿಮಾ ಚೌಕಟ್ಟಿನ ಜಾಗದಲ್ಲಿ ಒಂದು ಚಿತ್ರ ಮೂಡುವ ಹಾಗೆ ಪುಟ್ಟ ಕ್ಯಾಮೆರಾ ಮಾಡಿದ. ಅದು 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆಗ ಅದನ್ನು ‘ಫುಲ್’ ಎಂದು ಯಾರೂ ಕರೆದಿರಲಿಲ್ಲ. ಚಿಕ್ಕ ಅಳತೆ ಎಂದೇ ಲೆಕ್ಕ.

ಮೀಡಿಯಂ ಫಾರ್ಮ್ಯಾಟಿನ ಕತೆ ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಅಟ್ಟದ ಟ್ರಂಕಿನಲ್ಲಿ ಹಳೆಯ ಅಗ್ಫಾ ಕ್ಲಿಕ್-3 ಇದ್ದರೆ ನಿಮ್ಮ ಅಜ್ಜನೋ ಮಾವನೋ ಮೀಡಿಯಂ ಫಾರ್ಮ್ಯಾಟ್ ಫೋಟೊಗ್ರಾಫರ್ ಆಗಿದ್ದರು ಎಂದರ್ಥ. ಅದಕ್ಕೆ ಹಾಕುತ್ತಿದ್ದದ್ದು 120ರ ರೋಲ್, ಹನ್ನೆರಡೇ ಚಿತ್ರ, ಒಂದೊಂದು ನೆಗೆಟಿವ್ ಹತ್ತಿರ ಹತ್ತಿರ 56 ಮಿ.ಮೀ.ನ ಚೌಕ. ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ 500ಸಿ ಕೂಡ ಇದೇ ರೋಲನ್ನು, ಇದೇ ಚೌಕವನ್ನು ಬಳಸುತ್ತಿತ್ತು. ಒಂದು ಮಕ್ಕಳ ಕೈಗೂ ಕೊಡಬಹುದಾದ ಡಬ್ಬ, ಇನ್ನೊಂದರ ಅಣ್ಣತಮ್ಮಂದಿರು ಚಂದ್ರನಿಗೆ ಹೋಗಿಬಂದವರು. ನೆಗೆಟಿವ್ ಅಳತೆ ಒಂದೇ ಆದರೂ ಚಿತ್ರಗಳ ಗುಣದಲ್ಲಿ ಅಜಗಜಾಂತರ, ಏಕೆಂದರೆ ಕ್ಲಿಕ್-3ರ ಮೂತಿಯಲ್ಲಿದ್ದದ್ದು ಒಂದೇ ಗಾಜಿನ ಸಾದಾ ಲೆನ್ಸ್. ಅಳತೆ ದೊಡ್ಡದಿದ್ದ ಮಾತ್ರಕ್ಕೆ ಎಲ್ಲ ಆಗಿಬಿಡುವುದಿಲ್ಲ ಎಂಬುದಕ್ಕೆ ಸಾಕ್ಷಿ ಟ್ರಂಕಿನಲ್ಲೇ ಇದೆ.

ಫಿಲ್ಮಿನ ಕಾಲದಲ್ಲಿ ದೊಡ್ಡ ಅಳತೆಯ ಲಾಭ ಕಣ್ಣಿಗೆ ರಾಚುವಂತಿತ್ತು. ಕೊಡಾಕ್ ಟ್ರೈ-ಎಕ್ಸ್ ಫಿಲ್ಮ್ 35 ಮಿ.ಮೀ.ನಲ್ಲೂ ಸಿಗುತ್ತಿತ್ತು, 120ರಲ್ಲೂ ಸಿಗುತ್ತಿತ್ತು. ಎರಡರ ಮೇಲೂ ಬಳಿದ ಬೆಳ್ಳಿಯ ಕಣಗಳು ಒಂದೇ ಜಾತಿ. ಹನ್ನೆರಡು ಅಂಗುಲ ಎತ್ತರದ ಪ್ರಿಂಟ್ ಹಾಕಬೇಕಾದರೆ 24 ಮಿ.ಮೀ.ನ ನೆಗೆಟಿವನ್ನು 12.7 ಪಟ್ಟು ಹಿಗ್ಗಿಸಬೇಕು, 56 ಮಿ.ಮೀ.ನದನ್ನು 5.4 ಪಟ್ಟು ಹಿಗ್ಗಿಸಿದರೆ ಸಾಕು. ಕಣಗಳೂ ಅಷ್ಟಷ್ಟೇ ಹಿಗ್ಗುತ್ತವೆ. ದೊಡ್ಡ ನೆಗೆಟಿವ್ ಎಲ್ಲ ಸ್ಟುಡಿಯೊಗಳ ಆರಾಧ್ಯ ದೈವವಾದದ್ದರಲ್ಲಿ ಅಚ್ಚರಿಯಿಲ್ಲ.

ಡಿಜಿಟಲ್ ಬಂದಾಗ ಹೆಸರು ಉಳಿಯಿತು, ಅಳತೆ ಉಳಿಯಲಿಲ್ಲ. ಇಂದು ಫ್ಯೂಜಿಫಿಲ್ಮ್, ಹ್ಯಾಸಲ್‌ಬ್ಲಾಡ್ ಮಾರುವ ಮೀಡಿಯಂ ಫಾರ್ಮ್ಯಾಟ್ ಸೆನ್ಸರಿನ ಅಳತೆ 43.8×32.9 ಮಿ.ಮೀ. ವಿಸ್ತೀರ್ಣದಲ್ಲಿ ಇದು ಫುಲ್ ಫ್ರೇಮಿನ 1.67 ಪಟ್ಟು. ಹಳೆಯ ಚೌಕ ನೆಗೆಟಿವ್ 3.6 ಪಟ್ಟಿತ್ತು! ಡೆನ್ಮಾರ್ಕಿನ ಫೇಸ್ ಒನ್ ಕಂಪನಿಯ ಸೆನ್ಸರ್ ಮಾತ್ರ ಕೊಂಚ ದೊಡ್ಡದು, 53.4×40 ಮಿ.ಮೀ., ಸುಮಾರು ಎರಡೂವರೆ ಪಟ್ಟು. ಅಜ್ಜನ ಕಾಲದ ಕೀರ್ತಿಯನ್ನು ಮೊಮ್ಮಗ ತನ್ನದೆಂದು ಹೇಳಿಕೊಂಡು ತಿರುಗುತ್ತಿದ್ದಾನೆ ಎಂದು ನನಗೆ ಒಮ್ಮೊಮ್ಮೆ ಅನಿಸುವುದು ಇದಕ್ಕೇ.

ನೂರಕ್ಕೆ ನೂರು ಹಿಗ್ಗಿಸಿದವರಿಗೆ ಏನು ಕಂಡಿತು?

ಮೊದಲನೆಯವರ ಒಗಟು ಸುಲಭದ್ದು. ಎ7ಆರ್ 4ರ ಒಂದೊಂದು ಪಿಕ್ಸೆಲ್ಲಿನ ಅಗಲ 3.76 ಮೈಕ್ರಾನ್. ಜಿಎಫ್‌ಎಕ್ಸ್ 100ರದ್ದೂ 3.76 ಮೈಕ್ರಾನ್. ಫೇಸ್ ಒನ್ನಿನ 150 ಮೆಗಾಪಿಕ್ಸೆಲ್ ಕ್ಯಾಮೆರಾದ್ದೂ ಅಷ್ಟೇ. ಮೂರೂ ಸೋನಿಯ ಕಾರ್ಖಾನೆಯ ಒಂದೇ ಪೀಳಿಗೆಯ ಸೆನ್ಸರುಗಳು. ಪಿಕ್ಸೆಲ್ ಬದಲಾಗಿಲ್ಲ, ಎಣಿಕೆ ಬದಲಾಗಿದೆ. ನೂರಕ್ಕೆ ನೂರು ಹಿಗ್ಗಿಸುವುದೆಂದರೆ ಕ್ಯಾಮೆರಾದ ಒಂದು ಪಿಕ್ಸೆಲ್ಲಿಗೆ ಪರದೆಯ ಒಂದು ಪಿಕ್ಸೆಲ್ ಕೊಡುವುದು. ಹಾಗೆ ನೋಡಿದವರು ಚಿತ್ರ ನೋಡಲಿಲ್ಲ, ಪಿಕ್ಸೆಲ್ ನೋಡಿದರು. ಒಂದೇ ಬಗೆಯ ಪಿಕ್ಸೆಲ್ ಒಂದೇ ಬಗೆಯಾಗಿ ಕಂಡಿತು.

ಇದರಿಂದ ಹೊರಡುವ ಮೊದಲ ನಿಯಮ: ಹೋಲಿಸಬೇಕಾದದ್ದು ಚಿತ್ರವನ್ನು, ಅದೂ ಒಂದೇ ಅಳತೆಯ ಚಿತ್ರವನ್ನು. ಎರಡನೆಯ ನಿಯಮ ಇದರೊಳಗೇ ಅಡಗಿದೆ: ಕ್ಯಾಮೆರಾಗಳು ಒಂದೇ ಕಾಲದವಾಗಿರಬೇಕು. 2014ರ ಪೆಂಟ್ಯಾಕ್ಸ್ 645ಝಡ್ ಮೀಡಿಯಂ ಫಾರ್ಮ್ಯಾಟೇ ಆದರೂ ಅದನ್ನು ತಂದು 2019ರ ಫುಲ್ ಫ್ರೇಮಿನ ಎದುರು ನಿಲ್ಲಿಸಿದರೆ ನೀವು ಅಳೆಯುತ್ತಿರುವುದು ಐದು ವರ್ಷದ ಎಲೆಕ್ಟ್ರಾನಿಕ್ಸನ್ನು, ಸೆನ್ಸರಿನ ಅಳತೆಯನ್ನಲ್ಲ.

ಹಪ್ಪಳದ ಮೇಲೆ ಬಿದ್ದ ಹನಿ

ಇನ್ನು ನೆರಳಿನ ನಯ. ಕತ್ತಲಲ್ಲಿ ತೆಗೆದ ಫೋಟೊ ರವೆರವೆಯಾಗಿ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಫೋಟೊಗ್ರಾಫರುಗಳು ನಾಯ್ಸ್ ಎನ್ನುತ್ತಾರೆ, ನಾವು ಇಲ್ಲಿ ‘ರವೆ’ ಎಂದೇ ಕರೆಯೋಣ. ಇದು ಸೆನ್ಸರಿನ ದೋಷ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ರವೆಯ ಬಹುಪಾಲು ಬೆಳಕಿನಲ್ಲೇ ಇದೆ.

ಏಪ್ರಿಲ್ ತಿಂಗಳಲ್ಲಿ ತಾರಸಿಯ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದಾರೆ. ಸಾಲು ಸಾಲು, ಒಂದೇ ಅಳತೆಯವು. ಇದ್ದಕ್ಕಿದ್ದಂತೆ ನಾಲ್ಕು ಹನಿ ಉದುರುತ್ತದೆ. ‘ಹಪ್ಪಳ ತೆಗೀರೇ’ ಎಂದು ಕೂಗು ಏಳುವಷ್ಟರಲ್ಲಿ ಮಳೆ ನಿಂತೇಹೋಯಿತು. ಈಗ ಬಗ್ಗಿ ಎಣಿಸಿ ನೋಡಿ: ಒಂದು ಹಪ್ಪಳದ ಮೇಲೆ ಏಳು ಹನಿ, ಪಕ್ಕದ್ದರ ಮೇಲೆ ಹದಿಮೂರು, ಅದರಾಚೆಯದಕ್ಕೆ ಹತ್ತು. ಮೋಡ ಯಾರಿಗೂ ಪಕ್ಷಪಾತ ಮಾಡಿಲ್ಲ, ಹನಿಗಳು ಬೀಳುವುದೇ ಹಾಗೆ, ಗೊತ್ತುಗುರಿಯಿಲ್ಲದೆ. ತಾರಸಿಯನ್ನು ದೂರದಿಂದ ನೋಡಿದರೆ ಹಪ್ಪಳದ ಸಾಲು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಮಳೆ ಒಂದು ಗಳಿಗೆ ಹೆಚ್ಚು ಸುರಿದು ಒಂದೊಂದಕ್ಕೂ ಸಾವಿರ ಹನಿ ಬಿದ್ದಿದ್ದರೆ? ಆಗಲೂ ಮೂವತ್ತು ಹನಿಯ ಹೆಚ್ಚುಕಡಿಮೆ ಇರುತ್ತಿತ್ತು. ಆದರೆ ಸಾವಿರದಲ್ಲಿ ಮೂವತ್ತು ಯಾರ ಕಣ್ಣಿಗೆ ಬೀಳುತ್ತದೆ? ಹತ್ತರಲ್ಲಿ ಮೂರು ಎದ್ದು ಕಾಣುತ್ತದೆ, ಸಾವಿರದಲ್ಲಿ ಮೂವತ್ತು ಕರಗಿಹೋಗುತ್ತದೆ. ಎಲ್ಲ ಹಪ್ಪಳಗಳೂ ಸಮನಾಗಿ ತೊಯ್ದಂತೆ ಕಾಣುತ್ತವೆ (ಹಪ್ಪಳದ ಗತಿ ಬೇರೆ ಮಾತು).

ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಆ ಹನಿಗೆ ಫೋಟಾನ್ ಎಂದು ಹೆಸರು. ಬಿಡಿಬಿಡಿಯಾಗಿ ಬರುವ ಕಣಗಳ ಎಣಿಕೆಯಲ್ಲಿ ಇಂಥ ಹೊಯ್ದಾಟ ಇದ್ದೇ ಇರುತ್ತದೆಂದು 1918ರಲ್ಲಿ ಜರ್ಮನಿಯ ವಾಲ್ಟರ್ ಶಾಟ್ಕಿ ರೇಡಿಯೊ ಕವಾಟಗಳೊಳಗಿನ ವಿದ್ಯುತ್ತಿನ ವಿಷಯದಲ್ಲಿ ತೋರಿಸಿದ. 1940ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿದ್ದ ಆಲ್ಬರ್ಟ್ ರೋಸ್ ಅದೇ ಲೆಕ್ಕವನ್ನು ಟೆಲಿವಿಷನ್ ಕ್ಯಾಮೆರಾ, ಫಿಲ್ಮ್, ಮನುಷ್ಯನ ಕಣ್ಣು ಮೂರಕ್ಕೂ ಹಚ್ಚಿದ. ಕ್ಯಾಮೆರಾ ಎಷ್ಟೇ ಪರಿಪೂರ್ಣವಾಗಿರಲಿ, ಸಿಕ್ಕಿದ ಫೋಟಾನುಗಳ ಒಟ್ಟು ಲೆಕ್ಕಕ್ಕಿಂತ ನಯವಾದ ಚಿತ್ರ ಅದರಿಂದ ಹೊರಡಲಾರದು. ಐಎಸ್‌ಒ (ಚಿತ್ರದ ಹೊಳಪು ಹೆಚ್ಚಿಸುವ ಸಂಖ್ಯೆ) ಏರಿಸಿದರೆ ರವೆ ಬರುತ್ತದೆ ಎಂಬ ಸ್ಟುಡಿಯೊ ಮಾತು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿಕೊಂಡಿದೆ. ಬೆಳಕು ಸಾಲದ್ದರಿಂದ ಐಎಸ್‌ಒ ಏರಿಸುತ್ತೇವೆ. ಬೆಳಕು ಸಾಲದ್ದರಿಂದಲೇ ರವೆಯೂ ಬರುತ್ತದೆ.

ಈಗ ಎರಡನೆಯವರ ಪ್ರಿಂಟಿಗೆ ಬನ್ನಿ. ದೊಡ್ಡ ತಾರಸಿ, ಸಣ್ಣ ತಾರಸಿ, ಎರಡರ ಮೇಲೂ ಒಂದೇ ಮಳೆ. ಚದರ ಮೊಳಕ್ಕೆ ಬೀಳುವ ಹನಿ ಸಮ. ಆದರೆ ದೊಡ್ಡ ತಾರಸಿಯಲ್ಲಿ ಒಟ್ಟು ಹನಿ 1.67 ಪಟ್ಟು. ಎರಡನ್ನೂ ಒಂದೇ ಅಳತೆಯ ಪ್ರಿಂಟಿಗೆ ಇಳಿಸಿದಾಗ ಚಿತ್ರದ ಪ್ರತಿ ತುಣುಕಿಗೂ, ಮುಖದ ಕೆನ್ನೆಯಿರಲಿ ಹಿಂದಿನ ಗೋಡೆಯಿರಲಿ, ದೊಡ್ಡದರಿಂದ ಹೆಚ್ಚು ಹನಿ ಸಿಗುತ್ತದೆ. ರವೆ ಸುಮಾರು ನಾಲ್ಕನೇ ಒಂದು ಪಾಲು ಇಳಿಯುತ್ತದೆ. ಇಷ್ಟೇ ಅವರು ಕಂಡ ನಯ.

ಮಳೆ ಎಲ್ಲಿಂದ ಬಂತು?

ಇಲ್ಲಿಗೆ ನಿಲ್ಲಿಸಿದರೆ ‘ಸೆನ್ಸರ್ ದೊಡ್ಡದಾದಷ್ಟೂ ಚೆನ್ನ’ ಎಂಬ ಮಾತೇ ಗೆದ್ದಂತೆ. ಬಹಳಷ್ಟು ಬರಹಗಳು ಇಲ್ಲಿಯೇ ನಿಲ್ಲುತ್ತವೆ, ಅದೇ ತಕರಾರು. ‘ಎರಡರ ಮೇಲೂ ಒಂದೇ ಮಳೆ’ ಎಂದು ನಾನು ಮೇಲೆ ಸಲೀಸಾಗಿ ದಾಟಿಸಿಬಿಟ್ಟ ಮಾತಿನಲ್ಲಿಯೇ ಕೈಚಳಕ ಇದೆ. ಆಕಾಶದ ಮಳೆ ತಾರಸಿ ನೋಡಿ ಬೀಳುವುದಿಲ್ಲ, ಸರಿ. ಆದರೆ ಕ್ಯಾಮೆರಾದೊಳಗಿನ ಬೆಳಕು ಆಕಾಶದಿಂದ ನೇರ ಬರುವುದಿಲ್ಲ. ಲೆನ್ಸಿನ ಕಿಂಡಿಯ ಮೂಲಕ ಬರುತ್ತದೆ. ಕಿಂಡಿಯಲ್ಲಿ ನುಗ್ಗಿದ್ದಷ್ಟೇ ಒಳಗಿನ ಪಾಲು.

ಕಿಂಡಿಯ ಅಗಲ ತಿಳಿಯುವುದು ಕಷ್ಟವಿಲ್ಲ. ಲೆನ್ಸಿನ ಮೇಲೆ ಬರೆದಿರುವ ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರಾಯಿತು. 50 ಮಿ.ಮೀ. ಲೆನ್ಸಿಗೆ ಎಫ್ 2.8 ಇಟ್ಟರೆ ಕಿಂಡಿ ಸುಮಾರು 18 ಮಿ.ಮೀ. ಅಗಲ. ಇದೇ ದೃಶ್ಯ ಇಷ್ಟೇ ಅಗಲಕ್ಕೆ ಮೀಡಿಯಂ ಫಾರ್ಮ್ಯಾಟಿನಲ್ಲಿ ಕಾಣಬೇಕಾದರೆ 63 ಮಿ.ಮೀ. ಲೆನ್ಸ್ ಬೇಕು. ಅದಕ್ಕೂ ಎಫ್ 2.8 ಇಟ್ಟರೆ ಕಿಂಡಿ 22.5 ಮಿ.ಮೀ. ಎಫ್ ಸಂಖ್ಯೆ ಒಂದೇ, ಕಿಂಡಿ ಬೇರೆ. ದೊಡ್ಡ ಕಿಂಡಿಯ ವಿಸ್ತೀರ್ಣ ಸಣ್ಣದರ 1.6 ಪಟ್ಟು. ಎರಡನೆಯವರ ಪ್ರಿಂಟಿನ ನಯ ಬಂದ ದಾರಿ ಇದು! ದೊಡ್ಡ ಸೆನ್ಸರ್ ಎಲ್ಲಿಂದಲೋ ಹೆಚ್ಚು ಬೆಳಕು ಹುಟ್ಟಿಸಲಿಲ್ಲ. ಎಫ್ ಸಂಖ್ಯೆ ಸಮ ಇಟ್ಟ ನೆಪದಲ್ಲಿ ದೊಡ್ಡ ಕ್ಯಾಮೆರಾಕ್ಕೆ ದೊಡ್ಡ ಕಿಂಡಿ ಕೊಟ್ಟಿದ್ದೆವು.

ಖಗೋಳವಿಜ್ಞಾನಿಗಳು ಈ ವಿಷಯದಲ್ಲಿ ಎಂದೂ ಗಲಿಬಿಲಿಗೊಂಡವರಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಇರಿಸಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅದನ್ನು ಪರಿಚಯಿಸುವಾಗ ಹೇಳುವುದು ‘ಎರಡು ಮೀಟರ್ ದೂರದರ್ಶಕ’ ಎಂದು. ಕಾವಲೂರಿನ ವೇಣು ಬಾಪು ದೂರದರ್ಶಕ 2.34 ಮೀಟರ್. ಎಲ್ಲ ಕನ್ನಡಿಯ ಅಗಲ, ಎಂದರೆ ಬೆಳಕು ನುಗ್ಗುವ ಬಾಯಿಯ ಅಗಲ. ಹಿಂದೆ ಕೂಡಿಸಿದ ಸೆನ್ಸರ್ ಎಷ್ಟಗಲ ಎಂಬುದು ವಿವರದ ಪುಟಕ್ಕೆ ಬಿಟ್ಟದ್ದು. ಸೋಜಿಗವೆಂದರೆ ಫೋಟೊಗ್ರಫಿಯ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಸೆನ್ಸರಿನ ಅಳತೆ ಇದೆ, ಕಿಂಡಿಯ ಅಗಲ ಯಾವ ಡಬ್ಬದ ಮೇಲೂ ಇಲ್ಲ.

ಕಿಂಡಿಯನ್ನು ಸಮ ಮಾಡಿ ನೋಡೋಣ. ಒಂದೇ ಜಾಗದಲ್ಲಿ ನಿಂತು, ಒಂದೇ ದೃಶ್ಯ, ಒಂದೇ ಹೊತ್ತು. ಫುಲ್ ಫ್ರೇಮಿಗೆ 50 ಮಿ.ಮೀ., ಎಫ್ 8. ಮೀಡಿಯಂ ಫಾರ್ಮ್ಯಾಟಿಗೆ 63 ಮಿ.ಮೀ., ಎಫ್ 10. ಎರಡರ ಕಿಂಡಿಯೂ ಆರೂಕಾಲು ಮಿ.ಮೀ. ಚಿಲ್ಲರೆ. ಒಳಗೆ ನುಗ್ಗಿದ ಫೋಟಾನ್ ಎರಡಕ್ಕೂ ಅಷ್ಟಷ್ಟೇ. ದೊಡ್ಡ ಸೆನ್ಸರಿನಲ್ಲಿ ಅವು ಹೆಚ್ಚು ಜಾಗಕ್ಕೆ ಹರಡಿಕೊಂಡು ತೆಳುವಾಗುತ್ತವೆ; ಪರದೆಯ ಮೇಲೆ ಹೊಳಪು ಸರಿದೂಗಲು ಐಎಸ್‌ಒ 100ರ ಬದಲು 160 ಇಡಬೇಕು. ರವೆ ಸಮ.

ಸಮವಾಗುವುದು ರವೆ ಒಂದೇ ಅಲ್ಲ. ಮುಖ ಸ್ಪಷ್ಟವಾಗಿ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದನ್ನು ತೀರ್ಮಾನಿಸುವುದೂ ಈ ಕಿಂಡಿಯೇ. ಕಿಂಡಿಯ ಎಡ ಅಂಚಿನಿಂದ ಕಾಣುವ ಜಗತ್ತೂ ಬಲ ಅಂಚಿನಿಂದ ಕಾಣುವ ಜಗತ್ತೂ ತುಸು ಬೇರೆ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದರೆ ಹಿಂದಿನ ಕಂಬ ಸರಿದಂತೆ ಕಾಣುವುದಿಲ್ಲವೆ, ಹಾಗೆ. ಫೋಕಸ್ ಆದ ವಸ್ತುವಿನ ಮಟ್ಟಿಗೆ ಈ ನೋಟಗಳೆಲ್ಲ ಒಂದರ ಮೇಲೊಂದು ಕೂಡುತ್ತವೆ, ಹಿನ್ನೆಲೆಯ ಮಟ್ಟಿಗೆ ಕೂಡುವುದಿಲ್ಲ. ಆ ಕೂಡದಿರುವಿಕೆಯೇ ಮಸುಕು. ಕಿಂಡಿ ಅಗಲವಾದಷ್ಟೂ ಮಸುಕು ಹೆಚ್ಚು, ಕಿಂಡಿ ಸಮವಾದರೆ ಮಸುಕೂ ಸಮ. ಕಿಂಡಿ ತೀರಾ ಕಿರಿದಾದಾಗ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆತ್ತಗಾಗುವ ತೊಂದರೆಯೂ ಎರಡಕ್ಕೂ ಒಂದೇ ಹಂತದಲ್ಲಿ ಶುರುವಾಗುತ್ತದೆ. ಇನ್ನು ‘ಮೀಡಿಯಂ ಫಾರ್ಮ್ಯಾಟಿನಲ್ಲಿ ಮೂಗು ಉಬ್ಬಿದಂತೆ ಕಾಣುವುದಿಲ್ಲ, ಮುಖಕ್ಕೆ ಒಂದು ಗಾತ್ರ ಬರುತ್ತದೆ’ ಎನ್ನುವವರಿದ್ದಾರೆ. ಮೂಗಿನ ಗಾತ್ರ ನೀವು ಎಷ್ಟು ದೂರ ನಿಂತಿದ್ದೀರಿ ಎಂಬುದರ ಲೆಕ್ಕ. ಅದರಲ್ಲಿ ಸೆನ್ಸರಿನ ಪಾತ್ರ ಸೊನ್ನೆ.

ಮುಸ್ಸಂಜೆಯ ಮುಖಚಿತ್ರ

ಮೂರನೆಯವರ ಒಗಟು ಈಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್‌ಗೆ ಮುಖಚಿತ್ರದ ಹೆಸರಾಂತ ಲೆನ್ಸ್ 110 ಮಿ.ಮೀ., ಎಫ್ 2. ಕಿಂಡಿ 55 ಮಿ.ಮೀ. ಫುಲ್ ಫ್ರೇಮಿನಲ್ಲಿ ಹೆಚ್ಚುಕಡಿಮೆ ಅದೇ ನೋಟ ಕೊಡುವುದು 85 ಮಿ.ಮೀ. ಕ್ಯಾನನ್ ಮತ್ತು ನಿಕಾನ್ ಎರಡೂ ಅದನ್ನು ಎಫ್ 1.2ರಲ್ಲಿ ಮಾಡುತ್ತವೆ, ಕಿಂಡಿ 71 ಮಿ.ಮೀ.ಗೆ ಕೂದಲೆಳೆ ಕಡಿಮೆ. ವಿಸ್ತೀರ್ಣ ಲೆಕ್ಕ ಹಾಕಿದರೆ ಸಣ್ಣ ಕ್ಯಾಮೆರಾದ ಕಿಂಡಿ ದೊಡ್ಡದರ 1.66 ಪಟ್ಟು! ಅದೇ ಷಟರ್ ವೇಗದಲ್ಲಿ ಸಣ್ಣ ಸೆನ್ಸರಿಗೆ ಹೆಚ್ಚು ಫೋಟಾನ್ ಬಂದವು. ಲೆನ್ಸಿನ ತೂಕ ಎಲ್ಲದರದ್ದೂ ಒಂದು ಕೆ.ಜಿ. ಮೇಲೆಯೇ, ಹಾಗಾಗಿ ಕುತ್ತಿಗೆ ನೋವಿನಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಮೊಬೈಲಿನದ್ದೂ ಇದೇ ಲೆಕ್ಕ. ಅದರ ಮುಖ್ಯ ಕ್ಯಾಮೆರಾದ ಕಿಂಡಿ ಮೂರು ನಾಲ್ಕು ಮಿಲಿಮೀಟರ್. ‘ಎಫ್ 1.8’ ಎಂದು ಜಾಹೀರಾತು ಹಾಕುವುದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ರಾತ್ರಿ ಮೋಡಿನಲ್ಲಿ ‘ಅಲುಗಾಡಬೇಡಿ’ ಎಂದು ಎರಡು ಮೂರು ಸೆಕೆಂಡು ನಿಲ್ಲಿಸಿ ಅದು ಹತ್ತಾರು ಚಿತ್ರ ಸೇರಿಸುತ್ತದಲ್ಲ, ಕಿಂಡಿಯ ಕೊರತೆಯನ್ನು ಹೊತ್ತಿನಲ್ಲಿ ತುಂಬಿಕೊಳ್ಳುವ ಉಪಾಯ ಅದು.

ಹಾಗಾದರೆ ದೊಡ್ಡದು ಯಾಕೆ?

ದೊಡ್ಡ ಸೆನ್ಸರಿಗೆ ನಿಜವಾದ ಲಾಭ ಎರಡು ಕಡೆ ಇದೆ.

ಒಂದು, ಹಿಡಿಸುವಿಕೆ. 3.76 ಮೈಕ್ರಾನಿನ ಪಿಕ್ಸೆಲ್ ಬೆಳಕು ಎಬ್ಬಿಸಿದ ಸುಮಾರು 50 ಸಾವಿರ ಎಲೆಕ್ಟ್ರಾನ್ ಹಿಡಿಯಬಲ್ಲದು. ಅದಕ್ಕಿಂತ ಹೆಚ್ಚಿಗೆ ಬೆಳಕು ಬಂದರೆ ತುಂಬಿ ಚೆಲ್ಲುತ್ತದೆ, ಚಿತ್ರದಲ್ಲಿ ಬರೀ ಬಿಳಿ ಕಲೆ ಉಳಿಯುತ್ತದೆ. ಪಿಕ್ಸೆಲ್ ಹೆಚ್ಚಿದ್ದಷ್ಟೂ ಒಟ್ಟು ಹಿಡಿಸುವಿಕೆ ಹೆಚ್ಚು. ಕ್ಯಾಮೆರಾ ಟ್ರೈಪಾಡಿನ ಮೇಲಿದೆ, ಎದುರಿಗೆ ಅಲುಗಾಡದ ಹಂಪಿಯ ಕಲ್ಲುಗಳಿವೆ, ಹೊತ್ತಿಗೆ ಬರವಿಲ್ಲ ಎಂದಾದರೆ ಎರಡೂ ಸೆನ್ಸರುಗಳನ್ನು ಕಂಠಮಟ್ಟ ತುಂಬಿಸಬಹುದು. ಕಿಂಡಿ ಸಮ ಇದ್ದರೂ ದೊಡ್ಡದು 1.67 ಪಟ್ಟು ಹೊತ್ತು ತೆರೆದಿರಬಲ್ಲದು. ಆಗ ನೆರಳಿನ ನಯ ಅದರದ್ದೇ, ಯಾರೂ ಕಸಿಯಲಾರರು. ಸ್ಟುಡಿಯೊದಲ್ಲಿ ಹೊತ್ತಿನ ಬದಲು ಫ್ಲ್ಯಾಶಿನ ಬಲ ಹೆಚ್ಚಿಸಿದರೂ ಫಲ ಅದೇ. ಮೀಡಿಯಂ ಫಾರ್ಮ್ಯಾಟ್ ಹಿಂದಿನಿಂದಲೂ ಸ್ಟುಡಿಯೊ, ಭೂದೃಶ್ಯ, ಕಲಾಕೃತಿಗಳ ದಾಖಲೆ ಎಂದೇ ಉಳಿದುಕೊಂಡದ್ದಕ್ಕೆ ಕಾರಣ ಇಲ್ಲಿದೆ.

ಇದರಲ್ಲೂ ಒಂದು ತಿರುವು ಉಂಟು. 2017ರ ನಿಕಾನ್ ಡಿ850, ಫುಲ್ ಫ್ರೇಮೇ, ಅದರ ಕನಿಷ್ಠ ಐಎಸ್‌ಒ 64. ಎಂದರೆ 100ರ ಕ್ಯಾಮೆರಾಕ್ಕಿಂತ ಚದರ ಮಿಲಿಮೀಟರಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಬೆಳಕನ್ನು ಚೆಲ್ಲದೆ ಹಿಡಿಯುತ್ತದೆ. ಅದೇ ವರ್ಷ ಮಾರುಕಟ್ಟೆಗೆ ಬಂದ ಜಿಎಫ್‌ಎಕ್ಸ್ 50ಎಸ್‌ನ ಕನಿಷ್ಠ ಐಎಸ್‌ಒ 100. ಕಾಗದದ ಮೇಲೆ ಗುಣಿಸಿ ನೋಡಿದರೆ ನಿಕಾನಿನ ಒಟ್ಟು ಹಿಡಿಸುವಿಕೆ ಫ್ಯೂಜಿಯದರ ನೂರಕ್ಕೆ 94 ಪಾಲು! ಸೆನ್ಸರಿನ ಅಳತೆಯಲ್ಲಿ ಕಳೆದುಕೊಂಡದ್ದನ್ನು ಪಿಕ್ಸೆಲ್ಲಿನ ಆಳದಲ್ಲಿ ಗಳಿಸಿಕೊಂಡಿತು. ಫ್ಯೂಜಿಯವರು ಸುಮ್ಮನಿರಲಿಲ್ಲ, ಮುಂದೆ ಬಂದ ಜಿಎಫ್‌ಎಕ್ಸ್ 100-2ರಲ್ಲಿ ಕನಿಷ್ಠ ಐಎಸ್‌ಒವನ್ನು 80ಕ್ಕೆ ಇಳಿಸಿ ಅಂತರವನ್ನು ಮತ್ತೆ ಹಿಗ್ಗಿಸಿದರು.

ಎರಡನೆಯ ಲಾಭ ಲೆನ್ಸಿನದ್ದು, ನನ್ನ ಮಟ್ಟಿಗೆ ಇದೇ ಹೆಚ್ಚು ಗಟ್ಟಿ. 50 ಮಿ.ಮೀ. ಕಿಂಡಿಯ ಮುಖಚಿತ್ರದ ಲೆನ್ಸ್ ಬೇಕೆಂದರೆ ಫುಲ್ ಫ್ರೇಮಿನಲ್ಲಿ ಅದು ಎಫ್ 1.7 ಆಗುತ್ತದೆ, ಮೀಡಿಯಂ ಫಾರ್ಮ್ಯಾಟಿನಲ್ಲಿ ಎಫ್ 2.2. ಎಫ್ ಸಂಖ್ಯೆ ಸಣ್ಣದಾದಷ್ಟೂ ಅಂಚಿನ ಕಿರಣಗಳನ್ನು ಹೆಚ್ಚು ಬಗ್ಗಿಸಿ ಒಂದು ಬಿಂದುವಿಗೆ ತರಬೇಕು, ಅದಕ್ಕೆ ಗಾಜಿನ ಮೇಲೆ ಗಾಜು ಪೇರಿಸಬೇಕು. ದೊಡ್ಡ ಸೆನ್ಸರಿನಲ್ಲಿ ಅದೇ ಕೆಲಸ ಸಾವಕಾಶವಾಗಿ ಆಗುತ್ತದೆ. ಜೊತೆಗೆ ಪ್ರಿಂಟಿಗೆ ಹಿಗ್ಗಿಸುವುದೂ ಕಡಿಮೆ. ಹನ್ನೆರಡು ಅಂಗುಲದ ಎತ್ತರಕ್ಕೆ 12.7 ಪಟ್ಟಿನ ಬದಲು 9.3 ಪಟ್ಟು. ಲೆನ್ಸಿನ ಸಣ್ಣಪುಟ್ಟ ತಪ್ಪುಗಳೂ ಅಷ್ಟು ಕಡಿಮೆ ಹಿಗ್ಗುತ್ತವೆ. ಚಿತ್ರದ ಮೂಲೆಗಳನ್ನು ನೋಡುವ ಅಭ್ಯಾಸ ಇದ್ದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಪಿಕ್ಸೆಲ್ಲಿನ ಎಣಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 20×24 ಅಂಗುಲದ ಪ್ರಿಂಟ್ ಹಾಕಿದರೆ ಎ7ಆರ್ 4 ಅಂಗುಲಕ್ಕೆ ಸುಮಾರು 317 ಚುಕ್ಕಿ ಕೊಡುತ್ತದೆ, ಜಿಎಫ್‌ಎಕ್ಸ್ 100 ಸುಮಾರು 437. ಒಂದು ಅಡಿ ದೂರದಿಂದ ನೋಡುವ ಒಳ್ಳೆಯ ಕಣ್ಣಿಗೆ 300 ದಾಟಿದ ಮೇಲೆ ಬಿಡಿ ಚುಕ್ಕಿ ಕಾಣುವುದು ಕಷ್ಟ. ಪ್ರಿಂಟ್ ಅದಕ್ಕಿಂತ ದೊಡ್ಡದಾಗಿ, ನೋಡುವವರು ಮೂಗು ತಾಗಿಸುವಷ್ಟು ಹತ್ತಿರ ಬಂದರೆ ಮಾತ್ರ ಉಳಿದ ಪಿಕ್ಸೆಲ್ಲುಗಳು ಕೆಲಸಕ್ಕೆ ಬರುತ್ತವೆ.

ಪ್ರಿಂಟಿನ ಆಕಾರವೂ ಲೆಕ್ಕ ಕೆಡಿಸುತ್ತದೆ. ಫುಲ್ ಫ್ರೇಮ್ ಮೂರಕ್ಕೆ ಎರಡರ ಉದ್ದನೆಯ ಆಕಾರ, ಮೀಡಿಯಂ ಫಾರ್ಮ್ಯಾಟ್ ನಾಲ್ಕಕ್ಕೆ ಮೂರು. ಎಂಟು ಹತ್ತರ ಸ್ಟುಡಿಯೊ ಪ್ರಿಂಟಿಗೆ ಕತ್ತರಿಸಿದರೆ ಫುಲ್ ಫ್ರೇಮಿನ ಎರಡು ಬದಿ ಹೆಚ್ಚು ಪೋಲಾಗಿ ವಿಸ್ತೀರ್ಣದ ಅಂತರ 1.88 ಪಟ್ಟಿಗೆ ಏರುತ್ತದೆ. ಟಿವಿ ಪರದೆಯ ಆಕಾರಕ್ಕೆ ಕತ್ತರಿಸಿದರೆ 1.48ಕ್ಕೆ ಇಳಿಯುತ್ತದೆ. ಗೆಲ್ಲಬೇಕಾದವರು ತಮಗೆ ಬೇಕಾದ ಆಕಾರ ಆರಿಸಿಕೊಳ್ಳುವುದನ್ನು ನೋಡಿದ್ದೇನೆ.

ಹದಿನಾರು ಬಿಟ್ಟಿನ ಮಾಯೆ

ಮಾರುವವರು ಕೊನೆಗೆ ಎಸೆಯುವ ಎಲೆ ಇದು: ‘ನಮ್ಮದು 16 ಬಿಟ್, ಅವರದು 14. ಬಣ್ಣದ ಏರಿಳಿತ ನೋಡಿ!’ 14 ಬಿಟ್ ಎಂದರೆ ಕಪ್ಪಿನಿಂದ ಬಿಳಿಯವರೆಗೆ 16,384 ಹಂತ, 16 ಬಿಟ್ ಎಂದರೆ 65,536. ಪಿಕ್ಸೆಲ್ಲಿನಲ್ಲಿ ಹಿಡಿಸುವುದೇ 50 ಸಾವಿರ ಎಲೆಕ್ಟ್ರಾನ್. ಹದಿನಾರು ಬಿಟ್ಟಿನ ಒಂದೊಂದು ಹಂತ ಒಂದು ಎಲೆಕ್ಟ್ರಾನಿಗಿಂತಲೂ ಚಿಕ್ಕದಾಯಿತು. ಅರ್ಧ ಎಲೆಕ್ಟ್ರಾನ್ ಎಂಬುದು ಜಗತ್ತಿನಲ್ಲಿಲ್ಲ. ಹದಿನಾಲ್ಕು ಬಿಟ್ಟಿನ ಹಂತ ಸುಮಾರು ಮೂರು ಎಲೆಕ್ಟ್ರಾನಿನದು. ಕನಿಷ್ಠ ಐಎಸ್‌ಒನಲ್ಲಿ ಓದುವಾಗ ಸರ್ಕ್ಯೂಟ್ ಮಾಡುವ ಎಣಿಕೆಯ ತಪ್ಪೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅದಕ್ಕಿಂತ ಸಣ್ಣ ಹಂತ ಮಾಡಿದರೆ ರವೆಯನ್ನೇ ಇನ್ನಷ್ಟು ಶ್ರದ್ಧೆಯಿಂದ ಬರೆದಿಟ್ಟಂತೆ. ಫೈಲ್ ದಪ್ಪವಾಗುತ್ತದೆ, ಹಾರ್ಡ್‌ಡಿಸ್ಕ್ ಮಾರುವವನಿಗೆ ಒಳ್ಳೆಯದು.

ಹಾಗೆಂದು ‘ಮೀಡಿಯಂ ಫಾರ್ಮ್ಯಾಟಿನ ಕಳೆ’ ಎಂದು ಹೇಳುವವರೆಲ್ಲ ಭ್ರಮೆಯಲ್ಲಿದ್ದಾರೆ ಎನ್ನಲಾರೆ. ಅಷ್ಟು ದುಡ್ಡು ಕೊಟ್ಟು ತಂದ ಕ್ಯಾಮೆರಾವನ್ನು ಯಾರೂ ಬೀದಿಯಲ್ಲಿ ಓಡುತ್ತಾ ಬಳಸುವುದಿಲ್ಲ. ಬೆಳಕು ಜೋಡಿಸುತ್ತಾರೆ, ಟ್ರೈಪಾಡ್ ಹೂಡುತ್ತಾರೆ, ಫೋಕಸನ್ನು ಎರಡು ಸಲ ನೋಡುತ್ತಾರೆ. ಕಳೆ ಬರದೆ ಇನ್ನೇನು?

ನೀವೇ ನೋಡಬೇಕೆಂದರೆ

ಎರಡು ಕ್ಯಾಮೆರಾ ತರಬೇಕಿಲ್ಲ. ಜಿಎಫ್‌ಎಕ್ಸ್ 100 ಸರಣಿಯಲ್ಲಿ 35 ಮಿ.ಮೀ. ಮೋಡ್ ಎಂಬುದಿದೆ, ಒತ್ತಿದರೆ ಸೆನ್ಸರಿನ ನಡುವಿನ ಫುಲ್ ಫ್ರೇಮಿನಷ್ಟು ಭಾಗ ಮಾತ್ರ ಕೆಲಸ ಮಾಡಿ ಸುಮಾರು 60 ಮೆಗಾಪಿಕ್ಸೆಲ್ಲಿನ ಚಿತ್ರ ಸಿಗುತ್ತದೆ. ಒಂದೇ ಸಿಲಿಕಾನ್, ಒಂದೇ ಸರ್ಕ್ಯೂಟ್, ಅಳತೆ ಮಾತ್ರ ಬೇರೆ. ಇದಕ್ಕಿಂತ ಪ್ರಾಮಾಣಿಕ ಎದುರಾಳಿ ಸಿಗುವುದಿಲ್ಲ. ಬಾಡಿಗೆಗೆ ಕೊಡುವವರಲ್ಲಿ ಅದರ ಜೊತೆ 45-100 ಮಿ.ಮೀ. ಝೂಮ್ ಕೇಳಿ.

ಟ್ರೈಪಾಡಿನ ಮೇಲಿಟ್ಟು ಪುಸ್ತಕದ ಕಪಾಟಿನಂಥ, ಒಂದಿಷ್ಟು ಕಪ್ಪು ನೆರಳಿರುವ ದೃಶ್ಯ ಆರಿಸಿ. ಮೊದಲು 35 ಮಿ.ಮೀ. ಮೋಡಿನಲ್ಲಿ 50 ಮಿ.ಮೀ.ಗೆ ತಿರುಗಿಸಿ ಎಫ್ 8, ಐಎಸ್‌ಒ 100, ದೃಶ್ಯದ ಅತಿ ಬೆಳಕಿನ ಜಾಗ ಇನ್ನೇನು ಬಿಳುಚಿಕೊಳ್ಳಬೇಕು ಎನ್ನುವ ಷಟರ್ ವೇಗ; ಅದು ಸೆಕೆಂಡಿನ 125ನೇ ಒಂದು ಪಾಲು ಎಂದುಕೊಳ್ಳೋಣ. ಆಮೇಲೆ ಪೂರ್ತಿ ಸೆನ್ಸರಿನಲ್ಲಿ 63 ಮಿ.ಮೀ., ಎಫ್ 10, ಐಎಸ್‌ಒ 160, ಅದೇ ಷಟರ್ ವೇಗ. ಇವೆರಡೂ ಸಮ ಬರಬೇಕು. ಮೂರನೆಯದು ಪೂರ್ತಿ ಸೆನ್ಸರಿನಲ್ಲಿ ಎಫ್ 10, ಐಎಸ್‌ಒ 100, ಷಟರ್ 80ನೇ ಒಂದು ಪಾಲು. ಇದರ ನೆರಳು ಮಾತ್ರ ನಯವಾಗಿರಬೇಕು.

ಮೂರನ್ನೂ ಒಂದೇ ಆಕಾರಕ್ಕೆ ಕತ್ತರಿಸಿ, ಒಂದೇ ಲ್ಯಾಬಿನಲ್ಲಿ ಒಂದೇ ಕಾಗದದ ಮೇಲೆ ಒಂದೇ ಅಳತೆಗೆ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಕಲಸಿ, ಕ್ಯಾಮೆರಾದ ಬೆಲೆ ಗೊತ್ತಿಲ್ಲದ ಯಾರಿಗಾದರೂ ಕೊಟ್ಟು ಯಾವುದು ಚೆನ್ನಾಗಿದೆ ಎಂದು ಕೇಳಿ. ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದರೆ ಮೂರನೆಯದನ್ನು ಆರಿಸಬಹುದು. ಕೂತಲ್ಲೇ ಕೈಚಾಚಿ ಹಿಡಿದು ನೋಡಿದರೆ, ‘ಮೂರೂ ಒಂದೇ ಥರ ಇದೆಯಲ್ಲ’ ಎಂದು ವಾಪಸು ಕೊಡುವ ಸಂಭವವೇ ಹೆಚ್ಚು.